ಕಪ್ಪು ಬಟ್ಟೆಗೆ ಅರಿಶಿನ ಕುಂಕುಮ

ನಮ್ಮ ಬಡಾವಣೆಯ ಕನ್ನಡ ಸಂಘದಲ್ಲಿ ಟೀ ಶರ್ಟಿನ ಬಣ್ಣ ತೀರ್ಮಾನವಾದದ್ದು ಹೊಟ್ಟೆಯ ಲೆಕ್ಕದಲ್ಲಿ. ಬಿಳಿ ಹಾಕಿದರೆ ಎದ್ದು ಕಾಣುತ್ತದೆ, ಕಪ್ಪು ಹಾಕಿದರೆ ಅಡಗುತ್ತದೆ ಎಂದು ಅಧ್ಯಕ್ಷರು ಹೇಳಿದ ಕೂಡಲೇ ಎಲ್ಲರೂ ಒಮ್ಮೆ ಕೆಳಗೆ ನೋಡಿಕೊಂಡು ಕೈ ಎತ್ತಿದರು. ಎದೆಯ ಮೇಲೆ ಕರ್ನಾಟಕದ ನಕ್ಷೆ, ಮೇಲರ್ಧ ಅರಿಶಿನ, ಕೆಳಗರ್ಧ ಕುಂಕುಮ, ಅದರಡಿ ‘ರಾಜ್ಯೋತ್ಸವ’. ಪ್ರಿಂಟ್ ಹಾಕಿಸುವ ಹೊಣೆ ನನ್ನದು. ಮಗಳ ಮದುವೆಯ ಲಗ್ನಪತ್ರಿಕೆಯನ್ನು ನಾನೇ ಮುಂದೆ ನಿಂತು ಅಚ್ಚು ಹಾಕಿಸಿದ್ದೇ ನನ್ನ ಅರ್ಹತೆ. ಅದರಲ್ಲಿ ಬೀಗರ ಹೆಸರೇ ತಪ್ಪಿತ್ತು ಎಂಬ ವಿಚಾರವನ್ನು ಪುಣ್ಯಕ್ಕೆ ಯಾರೂ ಎತ್ತಲಿಲ್ಲ.

ಮೊದಲು ಹೋದದ್ದು ಕಾಫಿ ಮಗ್ಗಿನ ಮೇಲೆ ಫೋಟೊ ಹಾಕಿಕೊಡುವ ಅಂಗಡಿಗೆ. ಸಬ್ಲಿಮೇಶನ್ ಅಂತೆ. ಕಾಗದದ ಮೇಲಿನ ಬಣ್ಣ ಸುಮಾರು 200 ಡಿಗ್ರಿ ಬಿಸಿಗೆ ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೆ ಹೊಕ್ಕು ಕೂರುತ್ತದೆ. “ಕಾಟನ್‌ಗೆ ಹಿಡಿಯಲ್ಲ ಅಂಕಲ್” ಎಂದ ಹುಡುಗ. ಇಷ್ಟೇ ತಾನೆ ಎಂದು ಕಪ್ಪು ಪಾಲಿಯೆಸ್ಟರ್ ಟೀ ಶರ್ಟ್ ಕೊಂಡು ತಂದೆ. ಅವನು ಟೀ ಶರ್ಟನ್ನೂ ನೋಡಿದ, ನನ್ನನ್ನೂ ನೋಡಿದ. ಏನೋ ಹೇಳಲು ಬಾಯಿ ತೆರೆದ. “ಹಾಕಪ್ಪಾ” ಎಂದೆ, ಗ್ರಾಹಕನ ಗತ್ತಿನಲ್ಲಿ. ಹಾಕಿದ. ಟೀ ಶರ್ಟು ಮೊದಲಿದ್ದಷ್ಟೇ ಕಪ್ಪು. ಬಿಸಿಲಿಗೆ ಓರೆಯಾಗಿ ಹಿಡಿದರೆ ಬೀದರ್ ಇರಬೇಕಾದಲ್ಲಿ ಏನೋ ಮಿನುಗಿದಂತಾಯಿತು. “ಬಣ್ಣ ಇದೆ ಅಂಕಲ್, ಕಾಣಲ್ಲ ಅಷ್ಟೆ!” ಆ ಶಾಯಿ ಪಾರದರ್ಶಕ, ಅದಕ್ಕೆ ಬಟ್ಟೆಯ ಬಿಳುಪೇ ಬೆಳಕು. ಬಟ್ಟೆಯೇ ಕಪ್ಪಾದರೆ ಮುಗಿಯಿತು.

ಅಂಗಡಿಯವರ ಹಂಗೇ ಬೇಡವೆಂದು ಟ್ರಾನ್ಸ್‌ಫರ್ ಪೇಪರ್ ತಂದು ಮನೆಯಲ್ಲೇ ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿದೆ. ಈ ಕಾಗದದಲ್ಲಿ ಎರಡು ಜಾತಿ. ತಿಳಿ ಬಟ್ಟೆಯದಕ್ಕೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಹಾಕಿ, ಬೋರಲು ಇಟ್ಟು ಒತ್ತಬೇಕು. ಗಾಢ ಬಟ್ಟೆಯದಕ್ಕೆ ಬಿಳಿ ಪದರ ಇರುತ್ತದೆ. ನೇರವಾಗಿ ಅಚ್ಚು ಹಾಕಿ, ಹಿಂದಿನ ಕಾಗದ ಸುಲಿದು, ಮುಖ ಮೇಲೆ ಮಾಡಿ ಅಂಟಿಸಬೇಕು. ನಾನು ತಂದದ್ದು ಗಾಢದ್ದು, ಯೂಟ್ಯೂಬಿನಲ್ಲಿ ನೋಡಿದ್ದು ತಿಳಿಯದ್ದು. ಅಚ್ಚು ಹಾಕಿದ್ದು ಅದರಂತೆ ತಿರುಗಿಸಿ, ಅಂಟಿಸಿದ್ದು ಮಾತ್ರ ಮುಖ ಮೇಲೆ ಮಾಡಿ. ಬಣ್ಣವೇನೋ ಝಗಮಗ ಬಂತು. ಆದರೆ ಮಂಗಳೂರು ಆಂಧ್ರದ ಗಡಿಗೆ ಹೋಗಿತ್ತು, ಕೋಲಾರಕ್ಕೆ ಸಮುದ್ರ ಬಂದಿತ್ತು. “ಪರವಾಗಿಲ್ಲ, ಕೋಲಾರದವರ ನೀರಿನ ತಾಪತ್ರಯ ಕಳೀತು” ಎಂದಳು ನನ್ನಾಕೆ.

ಕೊನೆಗೆ ಸುಲ್ತಾನ್‌ಪೇಟೆಯ ಗಲ್ಲಿಯೊಂದರಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡುವ ಹಿರಿಯರು ಸಿಕ್ಕರು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಬಿಳಿ ಬೇಸ್ ಹಾಕ್ತೀವಲ್ಲ ಸಾರ್?” ಮೊದಲು ಬಿಳಿ ಎಳೆದು, ಫ್ಲ್ಯಾಶ್ ಶಾಖ ಕೊಟ್ಟು ಆರಿಸಿ, ಅದರ ಮೇಲೆ ಹಳದಿ, ಆಮೇಲೆ ಕೆಂಪು. ಮೂರು ಸ್ಕ್ರೀನು, ಮೂರರ ಚಾರ್ಜು. ನನ್ನೊಳಗಿನ ಖಜಾಂಚಿ ಎದ್ದು ಕೂತ. “ಮ. ರಾಮಮೂರ್ತಿಯವರು ರೂಪಿಸಿದ ಕನ್ನಡ ಬಾವುಟದಲ್ಲಿ ಬಿಳಿ ಎಲ್ಲಿದೆ ಸ್ವಾಮಿ?” ಎಂದೆ. ಕನ್ನಡಾಭಿಮಾನಕ್ಕೆ ಎದುರಾಡುವುದುಂಟೆ? ಅವರು ಸುಮ್ಮನೆ ಬಿಳಿ ಬಿಟ್ಟು ಸ್ಯಾಂಪಲ್ ಎಳೆದುಕೊಟ್ಟರು. ಅರಿಶಿನ ಪಾಚಿಯಾಯಿತು, ಕುಂಕುಮ ಒಣರಕ್ತವಾಯಿತು.

ಸೋತು ಬಿಳಿಗೆ ಒಪ್ಪಿದೆ. ಆದರೆ ಶಾಯಿ ದಪ್ಪವಾದಷ್ಟೂ ಚೆಂದ ಎಂಬ ನನ್ನದೇ ಸಿದ್ಧಾಂತವಿತ್ತಲ್ಲ, ಇನ್ನೊಂದು ಕೈ ಎಳೆಯಿರಿ ಎಂದು ಪೀಡಿಸಿದೆ. ಸ್ಕ್ವೀಜಿ ಮತ್ತೆ ಹರಿದಾಡಿತು. ಅಕ್ಷರದ ಹೊಟ್ಟೆಗಳೆಲ್ಲ ಶಾಯಿ ಕುಡಿದು ಮುಚ್ಚಿಕೊಂಡವು. ‘ತ್ಸ’ ಎಂಬುದು ಒತ್ತಿನ ಸಮೇತ ಒಂದು ಉಂಡೆಯಾಯಿತು. ಇಂಗ್ಲಿಷಿನವರಿಗೆ ಈ ಕಷ್ಟವಿಲ್ಲ, ಅವರ ಅಕ್ಷರಕ್ಕೆ ಕಾಲ ಕೆಳಗೆ ಇನ್ನೊಂದು ಅಕ್ಷರ ನೇತಾಡುವುದಿಲ್ಲ.

“ಹಗುರ ಬೇಕು ಅಂದ್ರೆ ಡಿಸ್ಚಾರ್ಜ್ ಮಾಡೋಣ” ಎಂದರು ಹಿರಿಯರು. ಬಿಳಿ ತುಂಬುವ ಬದಲು ಕಪ್ಪನ್ನೇ ಕಿತ್ತುಹಾಕುವ ವಿದ್ಯೆ ಅದು. ಪೇಸ್ಟಿನಲ್ಲಿರುವ ರಾಸಾಯನಿಕ ಬಿಸಿಗೆ ಬಟ್ಟೆಯ ಬಣ್ಣವನ್ನು ಒಡೆಯುತ್ತದೆ, ಅಚ್ಚು ಕೈಗೇ ತಗುಲುವುದಿಲ್ಲ. ಆದರೆ ಎಲ್ಲ ಕಪ್ಪೂ ಒಡೆಯುವ ಕಪ್ಪಲ್ಲ. ಅಗ್ಗಕ್ಕೆ ಸಿಕ್ಕಿತೆಂದು ನಾನು ಬೇರೆ ಬೇರೆ ಲಾಟಿನಲ್ಲಿ ತಂದ ಟೀ ಶರ್ಟುಗಳಲ್ಲಿ ಒಂದು ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತು, ಇನ್ನೊಂದು ಇಟ್ಟಿಗೆಯ ಬಣ್ಣಕ್ಕೆ, ಮತ್ತೊಂದು ಜಪ್ಪಯ್ಯ ಅನ್ನಲಿಲ್ಲ. ಜೊತೆಗೆ ಆ ಘಾಟು! ಆಟೋದವನು ದಾರಿಯುದ್ದಕ್ಕೂ ತಲೆ ಹೊರಗಿಟ್ಟೇ ಓಡಿಸಿದ.

ಈ ಪಾಡು ಕೇಳಿ ಧಾರವಾಡದಿಂದ ಬಂದಿದ್ದ ನನ್ನಾಕೆಯ ಸೋದರತ್ತೆ ನಕ್ಕರು. “ಏನ್ರೀ ಅಳಿಯಂದ್ರ, ಕರೀ ಚಂದ್ರಕಾಳಿ ಸೀರಿ ಮ್ಯಾಲೆ ನಾವು ಕಸೂತಿ ಹಾಕ್ತಿದ್ದಿಲ್ಲೇನು? ಇದಕ್ಕ ಊರೆಲ್ಲಾ ತಿರುಗಬೇಕ?” ನಿಜವೇ. ನೂಲಿಗೆ ಕೆಳಗಿನ ಕಪ್ಪಿನ ಹಂಗಿಲ್ಲ. ಆಸೆಯಿಂದ ಎಷ್ಟು ದಿನ ಹಿಡಿಯುತ್ತದೆ ಎಂದೆ. “ನಕ್ಷಾ ದೊಡ್ಡದೈತಿ. ನಿಮ್ಮ ಅಧ್ಯಕ್ಷರದು ಒಂದು ಮುಂದಿನ ವರ್ಷಕ್ಕ ಆದೀತು.”

ಮತ್ತೆ ಅಂಗಡಿಗಳ ದಾರಿಯೇ ಗತಿಯಾಯಿತು. ಬಟ್ಟೆಯ ಮೇಲೆ ನೇರ ಶಾಯಿ ಸಿಂಪಡಿಸುವ ಡಿಟಿಜಿಗೆ ಮೊದಲು ಬಟ್ಟೆಗೆ ಮದ್ದು ಬಳಿಯಬೇಕು, ಆಮೇಲೆ ಬಿಳಿ, ಆಮೇಲೆ ಬಣ್ಣ. ರೇಟು ಕೇಳಿಯೇ ಎದ್ದುಬಂದೆ. ಮರ್ಯಾದೆ ಉಳಿಸಿದ್ದು ಡಿಟಿಎಫ್. ಪಾರದರ್ಶಕ ಹಾಳೆಯ ಮೇಲೆ ಬಣ್ಣ, ಅದರ ಬೆನ್ನಿಗೆ ಬಿಳಿ, ಅದರ ಮೇಲೆ ಅಂಟಿನ ಪುಡಿ. ಬೋರಲು ಹಾಕಿ ಬಿಸಿ ಒತ್ತಿದರೆ ಬಿಳಿ ತಾನಾಗಿ ಅಡಿಗೆ ಹೋಗುತ್ತದೆ. ಹಾಳೆ ಸುಲಿದಾಗ ಬೀದರಿನಿಂದ ಚಾಮರಾಜನಗರದವರೆಗೆ ಕರ್ನಾಟಕ ಫಳಫಳ. ‘ತ್ಸ’ ಕೂಡ ಓದಲು ಬರುತ್ತಿತ್ತು. ರಾಜ್ಯೋತ್ಸವದ ಹಿಂದಿನ ರಾತ್ರಿಯೇ ಮನೆಮನೆಗೆ ಹಂಚಿ ಬಂದು, ಬಹಳ ಕಾಲದ ನಂತರ ನೆಮ್ಮದಿಯಿಂದ ಮಲಗಿದೆ. ಒಳಭಾಗ ಹೊರಗೆ ಮಾಡಿ ಇಸ್ತ್ರಿ ಹಾಕಬೇಕು ಎಂದು ಅಂಗಡಿಯವನು ಹೇಳಿದ್ದು ನನಗೆ; ನಾನು ಯಾರಿಗೂ ಹೇಳಿರಲಿಲ್ಲ.

ನವೆಂಬರ್ 1ರ ಬೆಳಗ್ಗೆ ಅಧ್ಯಕ್ಷರ ಫೋನು. “ರಾಯರೇ, ಕುಂಕುಮ ಅಂಗಿಯಲ್ಲೇ ಇದೆ. ಅರಿಶಿನ ಪೂರ್ತಿ ಇಸ್ತ್ರಿಪೆಟ್ಟಿಗೆಗೆ ಬಂದುಬಿಟ್ಟಿದೆ. ಮೆರವಣಿಗೆಗೆ ಏನು ಮಾಡಲಿ?”

“ಇಸ್ತ್ರಿಪೆಟ್ಟಿಗೆಯನ್ನೂ ಹಿಡಕೊಂಡು ಬನ್ನಿ” ಎಂದೆ.