ರೋಬೋಟ್ ಜಾತ್ರೆಯ ಹುದ್ದೆಗಳು

ಮಕ್ಕಳ ರೋಬೋಟ್ ಸ್ಪರ್ಧೆಗೆ ಸ್ವಯಂಸೇವಕರು ಬೇಕೆಂದರೆ ವೈಟ್‌ಫೀಲ್ಡಿನ ಟೆಕ್ಕಿಗಳೆಲ್ಲ ಜಡ್ಜ್ ಕುರ್ಚಿಗೇ ಟವೆಲ್ ಹಾಕುತ್ತಾರೆ. ‘ನಾನು ಸೀನಿಯರ್ ಆರ್ಕಿಟೆಕ್ಟ್ ಸಾರ್.’ ‘ಒಳ್ಳೇದಾಯ್ತು, ಟೇಬಲ್ ಆ ಕಡೆ ಹಿಡ್ಕೊಳ್ಳಿ.’ ರೆಫರಿ ಆಗೋಣವೆಂದರೆ ನಿಯಮಪುಸ್ತಕ ಓದಬೇಕು. ಎದುರಿಗಿರುವ ಆರನೇ ಕ್ಲಾಸಿನ ಪೋರಿ ಅದನ್ನಾಗಲೇ ಬಾಯಿಪಾಠ ಮಾಡಿರುತ್ತಾಳೆ. 1998ರಲ್ಲಿ ಶುರುವಾದ ಫಸ್ಟ್ ಲೆಗೋ ಲೀಗ್ ಎಂಬ ಇಂಥ ಸ್ಪರ್ಧೆಯಲ್ಲಿ ಒಂದು ಪಂದ್ಯಕ್ಕೆ 150 ಸೆಕೆಂಡ್. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಅಷ್ಟರೊಳಗೆ ಎರಡನೇ ಗೇರೂ ಬೀಳದು! ಅಷ್ಟರಲ್ಲೇ ರೋಬೋಟಿನ ಮಿಷನ್‌ಗಳೆಲ್ಲ ಮುಗಿಯಬೇಕು; ಅಂಕ, ತಕರಾರು ಆಮೇಲೆ. ಪೀಣ್ಯದ ಫಿಟ್ಟರ್ ಒಬ್ಬರು ರೋಬೋಟ್ ರಿಪೇರಿಯ ಪಿಟ್ ಬಳಿ ನಿಂತರೆ ಮಕ್ಕಳಿಗೆ ಅರ್ಧ ಧೈರ್ಯ. ಆದರೆ ನಿಜವಾಗಿ ಕಷ್ಟದ ಹುದ್ದೆ, ಅಪ್ಪ-ಅಮ್ಮಂದಿರನ್ನು ರೋಬೋಟಿನಿಂದ ದೂರ ಇಡುವುದು. ಅದಕ್ಕೆ ಎಲೆಕ್ಟ್ರಾನಿಕ್ ಸಿಟಿಯ ಎಚ್‌ಆರ್ ಮ್ಯಾನೇಜರ್‌ಗಳೇ ಸರಿ: ನಗುತ್ತಲೇ ಹೊರಗೆ ಕಳಿಸುತ್ತಾರೆ.