ಉಸಿರು ಅಳೆಯುವವರಿಗೊಂದು ಬಹಿರಂಗ ಪತ್ರ

ವೆಂಟಿಲೇಟರ್‌ನಲ್ಲಿರುವವರ ನಿಶ್ವಾಸದಿಂದಲೇ ಶ್ವಾಸಕೋಶಕ್ಕೆ ಬೀಳುತ್ತಿರುವ ಹೊರೆಯನ್ನು ತಿಳಿಯಲು ದುಡಿಯುತ್ತಿರುವ ಸಂಶೋಧಕರೇ,

ನಿಮ್ಮ ಕೆಲಸ ಬೇಗ ಕೈಗೂಡಲಿ. ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ನಮ್ಮದೊಂದು ಬೇಡಿಕೆಯಿದೆ: ನಮ್ಮ ಉಸಿರನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಜೀವ ಉಳಿಸುವ ಯಂತ್ರವೇ ಗಾಳಿ ಹೆಚ್ಚು ತುಂಬಿದರೆ ಶ್ವಾಸಕೋಶವನ್ನು ಗಾಯಗೊಳಿಸುತ್ತದೆ. 2000ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು ಇದನ್ನು ಸಾಬೀತುಪಡಿಸಿತು. ರೋಗಿಯ ಎತ್ತರಕ್ಕೆ ತಕ್ಕ ತೂಕವನ್ನು ಲೆಕ್ಕಹಾಕಿ, ಕಿಲೋಗೆ 12ರ ಬದಲು 6 ಮಿಲಿಲೀಟರಿನಷ್ಟೇ ಗಾಳಿ ಕೊಟ್ಟಾಗ ಸಾವಿನ ಪ್ರಮಾಣ ಶೇ. 39.8ರಿಂದ 31ಕ್ಕೆ ಇಳಿಯಿತು. ಆದರೆ ಹಾಸಿಗೆಯ ಮೇಲಿರುವ ಈ ಒಬ್ಬರಿಗೆ, ಈ ಗಳಿಗೆಯಲ್ಲಿ, ಎಷ್ಟು ಅತಿಯಾಯಿತು ಎಂದು ಹೇಳುವವರು ಯಾರು? ಅತಿಯಾಗಿ ಹಿಗ್ಗಿ ಉರಿಯೂತಕ್ಕೊಳಗಾದ ಜೀವಕೋಶಗಳ ಕೊಬ್ಬು ಉತ್ಕರ್ಷಣಗೊಂಡಾಗ ಪೆಂಟೇನ್, ಈಥೇನ್‌ನಂಥ ಅನಿಲಗಳು ಹುಟ್ಟುತ್ತವೆ. ಅವನ್ನು ಉಸಿರಿನಲ್ಲೇ ಹಿಡಿಯಬಹುದು, ಸೂಜಿ ಚುಚ್ಚಬೇಕಿಲ್ಲ. ಲೈನಸ್ ಪೌಲಿಂಗ್ 1971ರಲ್ಲೇ ಮನುಷ್ಯನ ಉಸಿರಿನಲ್ಲಿ ಸುಮಾರು 250 ವಸ್ತುಗಳನ್ನು ಗುರುತಿಸಿದ್ದರು.

ಆದರೆ ಸುತ್ತಲಿನ ಗಾಳಿಯೂ ಉಸಿರಿನಲ್ಲಿ ಬೆರೆತಿರುತ್ತದೆ. ಇಲ್ಲಿ ಮಳೆಗಾಲದಲ್ಲಿ ತಿಂಗಳುಗಟ್ಟಲೆ ತೇವ. ಅನೇಕ ಸಂವೇದಕಗಳ ಓದನ್ನು ನೀರಾವಿ ಕೆಡಿಸುತ್ತದೆ. ಸೌದೆ ಒಲೆಯ ಹೊಗೆ, ರಬ್ಬರ್ ಶೀಟ್ ಒಣಗಿಸುವ ಹೊಗೆಗೂಡಿನ ಹೊಗೆ, ಎರಡರಲ್ಲೂ ಬೆಂಜೀನ್, ಅಲ್ಡಿಹೈಡ್‌ಗಳಿವೆ. ಕೊಳೆರೋಗಕ್ಕೆ ಅಡಿಕೆಗೆ ಬಿಡುವ ಮದ್ದು ಮೈಲುತುತ್ತು, ಸುಣ್ಣಗಳ ಬೋರ್ಡೋ ದ್ರಾವಣ. ಪೋರ್ಚುಗಲ್‌ನ ದ್ರಾಕ್ಷಿತೋಟಗಳಲ್ಲಿ ಅದನ್ನೇ ಸಿಂಪಡಿಸುತ್ತಿದ್ದವರ ಶ್ವಾಸಕೋಶದಲ್ಲಿ ತಾಮ್ರ ಕೂತು ಕಾಯಿಲೆಯಾದದ್ದನ್ನು ಅಲ್ಲಿನ ವೈದ್ಯರು 1969ರಲ್ಲೇ ದಾಖಲಿಸಿದ್ದಾರೆ. ಇಂಥ ಹೊಗೆ, ಮದ್ದು ಕಾಣದ ಊರಿನವರ ಉಸಿರಿನಿಂದ ನಿಗದಿಯಾದ, ಯಾವ ಅನಿಲ ಎಷ್ಟಿದ್ದರೆ ಗಾಯ ಎಂಬ ಮಿತಿ ನಮ್ಮವರಿಗೆ ಹೊಂದೀತೇ? ಆ ಮಿತಿ ಇಲ್ಲದ ಗಾಯವನ್ನು ತೋರಿಸಬಹುದು, ಇರುವುದನ್ನು ಮುಚ್ಚಿಡಬಹುದು. ಅದನ್ನು ನಂಬಿ ವೈದ್ಯರು ಗಾಳಿಯ ಪ್ರಮಾಣ ಬದಲಿಸಿದರೆ ನಷ್ಟ ರೋಗಿಗೆ.

ಆದ್ದರಿಂದ ಮಳೆಗಾಲಕ್ಕೊಮ್ಮೆ, ಬೇಸಗೆಗೊಮ್ಮೆ ಬನ್ನಿ. ಒಲೆಯ ಮುಂದಿನ ಹೆಂಗಸರು, ಮದ್ದು ಬಿಡುವವರು, ರಬ್ಬರ್ ಟ್ಯಾಪಿಂಗ್ ಮಾಡುವವರು, ಇವರೆಲ್ಲ ಆರೋಗ್ಯವಾಗಿರುವಾಗಿನ ಉಸಿರನ್ನು ಮೊದಲು ದಾಖಲಿಸಿ. ಸುಳ್ಯದಲ್ಲಿ ವೈದ್ಯಕೀಯ ಕಾಲೇಜಿದೆ. ಅಲ್ಲಿನ ವೈದ್ಯರನ್ನು ಜೊತೆಗೂಡಿಸಿಕೊಳ್ಳಿ. ಮಾಣಿ–ಮೈಸೂರು ಹೆದ್ದಾರಿಯಲ್ಲಿ ಮಂಗಳೂರಿಗೆ ಓಡುವ ಆಂಬುಲೆನ್ಸ್‌ನಲ್ಲೂ ಉಪಕರಣ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ. ಕಂಡದ್ದನ್ನು ಉಸಿರು ಕೊಟ್ಟವರಿಗೆ ಕನ್ನಡದಲ್ಲಿ, ತುಳುವಿನಲ್ಲಿ ತಿಳಿಸಿ.

ಮಿತಿ ನಿಗದಿಯಾದ ಮೇಲೆ ತಿದ್ದುವುದು ಕಷ್ಟ. ಅದಕ್ಕೆ ಮುಂಚೆಯೇ ಬನ್ನಿ. ಸಹಕರಿಸಲು ನಾವು ಸಿದ್ಧರಿದ್ದೇವೆ.

ಇಂತಿ,
ಸುಳ್ಯ ಸೀಮೆಯ ಒಬ್ಬ ಕೃಷಿಕ