ಖಳಮರಣ ಮೀಮಾಂಸೆ: ಇರಿದ ಮೇಲೆ ನಡೆಯುವ ಸಂವಾದದ ಶಾಸ್ತ್ರ

1. ಉಪೋದ್ಘಾತ

ಸಾಯುವವರು ಹೆಚ್ಚು ಮಾತನಾಡಬಾರದು ಎಂಬುದು ವೈದ್ಯರ ಮತ. ಈ ಮತವನ್ನು ಧಿಕ್ಕರಿಸಿದವರಲ್ಲಿ ಎರಡು ಪಂಗಡ ಮುಖ್ಯ: ಒಂದು, ತಾಳಮದ್ದಳೆಯ ವಾಲಿಗಳು, ಇನ್ನೊಂದು, ‘ಅಸ್ಯಾಸಿನ್ಸ್ ಕ್ರೀಡ್’ ಎಂಬ ವಿಡಿಯೊ ಗೇಮ್ ಸರಣಿಯ ಖಳರು. ವಾಲಿ ಎದೆಯಲ್ಲಿ ಬಾಣ ನೆಟ್ಟುಕೊಂಡೇ ರಾಮನೊಡನೆ ಧರ್ಮಸೂಕ್ಷ್ಮ ಚರ್ಚಿಸಬಲ್ಲ. ಭಾಗವತರು ಗಡಿಯಾರ ನೋಡುವ ತನಕ ಅವನ ಪ್ರಾಣಕ್ಕೆ ಅಪಾಯವಿಲ್ಲ. ಅವನ ಪರವಾಗಿ ವಾದಿಸುವ ವಿದ್ವಾಂಸರು ಬೇಕಾದಷ್ಟಿದ್ದಾರೆ. ಎರಡನೆಯ ಪಂಗಡದವರು ಮಾತ್ರ ಶಾಸ್ತ್ರದ ಬೆಂಬಲವಿಲ್ಲದೆ ಸಾಯುತ್ತಿದ್ದಾರೆ. ಯಾರೂ ಕೇಳಿಕೊಳ್ಳದಿದ್ದರೂ ಈ ಕೊರತೆಯನ್ನು ತುಂಬಲು ಪ್ರಸ್ತುತ ಲೇಖಕ ಮುಂದಾಗಿದ್ದಾನೆ.

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಬೇಕು. ಅಧಿಕಾರಿ ಯಾರು? ಖಳ ಬಾಯಿ ತೆರೆದಾಗ ಸ್ಕಿಪ್ ಬಟನ್ ಒತ್ತದವನು. ವಿಷಯ ಏನು? ಖಳನ ಕೊನೆಯ ಮಾತು. ಸಂಬಂಧ ಯಾವುದು? ಕತ್ತಿಗೂ ನಾಲಗೆಗೂ ಇರುವ ಸಂಬಂಧ. ಪ್ರಯೋಜನ? ಅದನ್ನು ಈಗಲೇ ಹೇಳಿಬಿಟ್ಟರೆ ಮುಂದಿನ ಪ್ರಕರಣಗಳನ್ನು ಓದುವವರಿರುವುದಿಲ್ಲ.

2. ಲಕ್ಷಣ ಪ್ರಕರಣ

ಸೂತ್ರ: ಇರಿತಕ್ಕೆ ಒಂದು ಕ್ಷಣ, ಉಳಿದದ್ದೆಲ್ಲ ಮಾತಿಗೆ.

ಭಾಷ್ಯ: ಯೂಬಿಸಾಫ್ಟ್ ಕಂಪನಿಯ ಮಾಂಟ್ರಿಯಲ್ ಶಾಖೆ 2007ರಲ್ಲಿ ಈ ಸರಣಿಯ ಮೊದಲ ಆಟವನ್ನು ಹೊರತಂದಿತು. ಡೆಸ್ಮಂಡ್ ಮೈಲ್ಸ್ ಎಂಬ ನಮ್ಮ ಕಾಲದ ಬಾರ್ ನೌಕರನನ್ನು ಅಪಹರಿಸಿ, ಆನಿಮಸ್ ಎಂಬ ಯಂತ್ರದ ಮೇಲೆ ಮಲಗಿಸಿ, ಅವನ ಪೂರ್ವಜನ ನೆನಪುಗಳನ್ನು ಹೊರತೆಗೆಯುತ್ತಾರೆ. ಆ ಪೂರ್ವಜನೇ ಅಲ್ತಾಯಿರ್. ಕಾಲ 1191, ಮೂರನೆಯ ಕ್ರುಸೇಡ್. ಮಸ್ಯಾಫ್ ಕೋಟೆಯ ಗುರು ಅಲ್ ಮುಆಲಿಮ್ ಒಂಬತ್ತು ಹೆಸರು ಕೊಡುತ್ತಾನೆ. ಶಿಷ್ಯ ಡಮಾಸ್ಕಸ್, ಅಕ್ರೆ, ಜೆರುಸಲೇಮ್ ಸುತ್ತಿ ಒಬ್ಬೊಬ್ಬರನ್ನೇ ಮುಗಿಸುತ್ತ ಬರಬೇಕು.

ಇಲ್ಲಿಯವರೆಗೆ ಇದು ಸಾಮಾನ್ಯ ಕೊಲೆ. ಶಾಸ್ತ್ರ ಶುರುವಾಗುವುದು ಕತ್ತಿ ಇಳಿದ ಮೇಲೆ. ಸಂತೆಯ ಗದ್ದಲ ಅಡಗುತ್ತದೆ, ಊರೇ ಕಾಣೆಯಾಗುತ್ತದೆ, ಗೋಡೆ ಬಾಗಿಲು ಒಂದೂ ಇಲ್ಲದ ಬೆಳ್ಳನೆಯ ಶೂನ್ಯದಲ್ಲಿ ಕೊಂದವನೂ ಸಾಯುತ್ತಿರುವವನೂ ಉಳಿಯುತ್ತಾರೆ. ಇದನ್ನು ನಾವು ಬಿಳಿ ಕೋಣೆ ಎಂದು ಕರೆಯೋಣ. ಆಟ ಲೋಡ್ ಆಗುವಾಗ ಅಲ್ತಾಯಿರ್ ಸುಮ್ಮನೆ ಓಡಾಡಿಕೊಂಡಿರುವ ಜಾಗವೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಪರಲೋಕಕ್ಕೂ ಲೋಡಿಂಗ್ ಪರದೆಗೂ ಹೆಚ್ಚಿನ ಭೇದವಿಲ್ಲ ಎಂಬ ಅದ್ವೈತವನ್ನು ಯೂಬಿಸಾಫ್ಟ್ ಇಷ್ಟು ಸುಲಭವಾಗಿ ಸಾಧಿಸಿಬಿಟ್ಟಿತು.

ರಂಗದ ಮೇಲೆ ಸಾವನ್ನು ನೇರವಾಗಿ ತೋರಿಸಬಾರದೆಂಬುದು ನಾಟ್ಯಶಾಸ್ತ್ರದ ಪರಂಪರೆ. ಭಾಸನ ‘ಊರುಭಂಗ’ದಲ್ಲಿ ದುರ್ಯೋಧನ ಎಲ್ಲರ ಕಣ್ಣೆದುರೇ ಪ್ರಾಣಬಿಟ್ಟು ಆ ಕಟ್ಟಳೆ ಮುರಿಯುತ್ತಾನೆ. ಬಿಳಿ ಕೋಣೆ ಭರತ, ಭಾಸ ಇಬ್ಬರನ್ನೂ ರಾಜಿ ಮಾಡಿಸುತ್ತದೆ: ಹೆಣ ಸಂತೆಯಲ್ಲಿದೆ, ಮಾತು ಬೇರೆಲ್ಲೋ ನಡೆಯುತ್ತಿದೆ, ಸಾವನ್ನು ತೋರಿಸಿದ ಹಾಗೂ ಆಯಿತು, ತೋರಿಸದ ಹಾಗೂ ಆಯಿತು.

3. ಪಂಚಸಂಧಿ ಪ್ರಕರಣ

ಸೂತ್ರ: ಸಂಧಿ ಐದು, ರಕ್ತ ಒಂದರಲ್ಲಿ, ತರ್ಕ ಮತ್ತೊಂದರಲ್ಲಿ.

ಭಾಷ್ಯ: ಮುಖಸಂಧಿಯಲ್ಲಿ ಖಳ ನಾಲ್ಕು ಜನರೆದುರು ಒಂದು ದುಷ್ಕೃತ್ಯ ಎಸಗಬೇಕು. ಡಮಾಸ್ಕಸ್ಸಿನ ಕಳ್ಳಪೇಟೆ ವರ್ತಕ ತಮೀರ್ ತುಂಬಿದ ಸಂತೆಯಲ್ಲಿ ಒಬ್ಬ ಮುದುಕನನ್ನು ಇರಿದು ಕೊಲ್ಲುತ್ತಾನೆ. ಅಕ್ರೆಯ ಆಸ್ಪತ್ರೆಯಲ್ಲಿ ಗಾರ್ನಿಯೆ ದ ನಾಪ್ಲೂಸ್, ಓಡಿಹೋಗಲು ನೋಡಿದ ರೋಗಿಯ ಕಾಲು ಮುರಿಸುತ್ತಾನೆ. ನಾಯಕ ಗುಂಪಿನಲ್ಲಿ ನಿಂತು ಎಲ್ಲವನ್ನೂ ನೋಡುತ್ತಾನೆ, ತಡೆಯುವುದಿಲ್ಲ. ತಡೆದರೆ ಖಳನ ಅರ್ಹತೆಗೆ ಧಕ್ಕೆ.

ಪ್ರತಿಮುಖ ಸಂಧಿಯಲ್ಲಿ ಕತ್ತಿ ತನ್ನ ಕೆಲಸ ಮಾಡುತ್ತದೆ. ಇದಕ್ಕೆ ಭಾಷ್ಯ ಬೇಡ.

ಗರ್ಭಸಂಧಿಯಲ್ಲಿ ಆಲಿಂಗನ. ಇರಿದವನೇ ಮಂಡಿಯೂರಿ, ಇರಿತಕ್ಕೆ ಸಿಕ್ಕವನನ್ನು ತೋಳಿನಲ್ಲಿ ಒರಗಿಸಿಕೊಳ್ಳುತ್ತಾನೆ. ಬದುಕಿದ್ದಾಗ ಕಾವಲುಗಾರರನ್ನು ದಾಟಿ ಹತ್ತಿರ ಸುಳಿಯಲಾಗದ ದೊಡ್ಡ ಮನುಷ್ಯನ ತಲೆ ಈಗ ನಾಯಕನ ಕೈಯ ಮೇಲಿದೆ.

ವಿಮರ್ಶ ಸಂಧಿಯೇ ಇಡೀ ದೃಶ್ಯದ ಜೀವಾಳ. ಇಲ್ಲಿ ವಿಚಾರಣೆ ನಡೆಯುತ್ತದೆ. ನ್ಯಾಯಾಲಯಗಳಲ್ಲಿ ಮೊದಲು ವಿಚಾರಣೆ, ಬಳಿಕ ತೀರ್ಪು, ಕೊನೆಗೆ ಶಿಕ್ಷೆ. ಬಿಳಿ ಕೋಣೆಯಲ್ಲಿ ಈ ಕ್ರಮ ಪೂರ್ತಿ ತಿರುವುಮುರುವು. ಗಾರ್ನಿಯೆ ಪಶ್ಚಾತ್ತಾಪ ಪಡುವುದಿಲ್ಲ; ಬದಲಿಗೆ ತನ್ನ ರೋಗಿಗಳನ್ನು ಇನ್ನು ನೋಡಿಕೊಳ್ಳುವವರು ಯಾರು ಎಂದು ಚಿಂತಿಸುತ್ತಾನೆ. ಅಲ್ತಾಯಿರ್ ತನಗೆ ತಿಳಿದ ಧರ್ಮ ಹೇಳುತ್ತಾನೆ, ಆದರೆ ದನಿಯಲ್ಲಿ ಮೊದಲಿನ ಗಟ್ಟಿತನವಿಲ್ಲ. ವಾಲಿಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ: ಬಾಣ ಬಿಟ್ಟವನಿಗೆ ಕಾಳಗದಲ್ಲಿ ಗೆಲುವು, ಬಿದ್ದವನಿಗೆ ವಾದದಲ್ಲಿ ಗೆಲುವು.

ನಿರ್ವಹಣ ಸಂಧಿಯಲ್ಲಿ ನಾಯಕ ಒಂದು ಬಿಳಿಯ ಗರಿಯನ್ನು ಗಾಯದ ಮೇಲೆ ಸವರಿ ರಕ್ತ ತಗುಲಿಸಿಕೊಳ್ಳುತ್ತಾನೆ. ಇದನ್ನು ತನ್ನ ಪಂಗಡದ ಕಚೇರಿಯಲ್ಲಿ ತೋರಿಸಬೇಕು. ಕೊಂದದ್ದಕ್ಕೂ ರಸೀದಿ ಬೇಕೆಂಬ ಆಡಳಿತ ಸೂಕ್ಷ್ಮ ಹನ್ನೆರಡನೆಯ ಶತಮಾನದಲ್ಲೇ ಇತ್ತು. ಆಮೇಲೆ ಊರಿಗೆ ಊರೇ ಗಂಟೆ ಬಾರಿಸುತ್ತದೆ. ಈಗಷ್ಟೇ ಸತ್ಯ, ಸ್ವಾತಂತ್ರ್ಯ, ಮಾನವಕುಲದ ಭವಿಷ್ಯ ಚರ್ಚಿಸಿ ಬಂದ ನಾಯಕ ಹುಲ್ಲಿನ ಗಾಡಿಯೊಂದಕ್ಕೆ ಹಾರಿ ಅಡಗುತ್ತಾನೆ. ಹುಲ್ಲು ಸಿಗದಿದ್ದರೆ ಬಿಳಿ ನಿಲುವಂಗಿಯ ಪಂಡಿತರ ಗುಂಪು ಸೇರಿ, ತಲೆ ತಗ್ಗಿಸಿ ನಡೆಯುತ್ತಾನೆ. ಕಾವಲುಗಾರರು ಅವನನ್ನು ಗುರುತಿಸುವುದೇ ಇಲ್ಲ. ವಿದ್ವತ್ ಸಭೆಗಳಲ್ಲಿ ಓಡಾಡಿದವರಿಗೆ ಇದು ಆಟದ ಅತ್ಯಂತ ವಾಸ್ತವಿಕ ಭಾಗವೆನಿಸುತ್ತದೆ.

4. ಕಾಲನಿರ್ಣಯ ಪ್ರಕರಣ

ಸೂತ್ರ: ಇತಿಹಾಸ ದಿನಾಂಕ ಕೊಡುತ್ತದೆ, ಆಟ ಕಾರಣ ಕೊಡುತ್ತದೆ. ದಿನಾಂಕ ಅಡ್ಡ ಬಂದರೆ ಅದನ್ನೂ ಆಟವೇ ಕೊಡುತ್ತದೆ.

ಭಾಷ್ಯ: ನಿಜವಾದ ಗಾರ್ನಿಯೆ ಹಾಸ್ಪಿಟಲರ್ ಪಂಥದ ಮುಖ್ಯಸ್ಥ. 1191ರ ಸೆಪ್ಟೆಂಬರ್ 7ರಂದು ಅರ್ಸುಫ್ ಯುದ್ಧದಲ್ಲಿ ತನ್ನ ಸವಾರರನ್ನು ಮುನ್ನುಗ್ಗಿಸಿದ, ಸತ್ತದ್ದು ಮರುವರ್ಷ. ಆಟ ಅವನನ್ನು ಅರ್ಸುಫ್ ಯುದ್ಧಕ್ಕೆ ಮುಂಚೆಯೇ ಮುಗಿಸಿಬಿಟ್ಟಿತು. ಟೆಂಪ್ಲರ್ ಪಂಥದ ಮುಖ್ಯಸ್ಥ ರೋಬೆರ್ ದ ಸಾಬ್ಲೆ 1193ರ ತನಕ ಬದುಕಿದ್ದ; ಆಟದಲ್ಲಿ ಅರ್ಸುಫ್ ದಾಟುವುದಿಲ್ಲ. ಇನ್ನೂ ಕುತೂಹಲದ್ದು ಮಾಂಟ್‌ಫೆರಾಟ್ ಮನೆತನದ ಸಂಗತಿ. ಆಟದ ಹಂತಕ ಪಂಗಡಕ್ಕೆ ಮೂಲವಾದ ಇತಿಹಾಸದ ನಿಜಾರಿ ಹಂತಕರು 1192ರ ಏಪ್ರಿಲ್ 28ರಂದು ಟೈರ್ ಪಟ್ಟಣದಲ್ಲಿ ಕೊಂದದ್ದು ಕಾನ್ರಾಡನನ್ನು. ಆಟದ ಹಂತಕ ಕೊಲ್ಲುವುದು ಅವನ ತಂದೆ ವಿಲಿಯಂನನ್ನು. ಮನೆ ಸರಿಯಾಗಿ ಹುಡುಕಿ, ತಲೆಮಾರು ತಪ್ಪಿದಂತಾಯಿತು.

ಕೆಲವೆಡೆ ಮಾತ್ರ ಆಟ ಇತಿಹಾಸಕ್ಕೆ ವಿಧೇಯ. ಚೆಸರೆ ಬೋರ್ಜಿಯಾ 1507ರ ಮಾರ್ಚ್ 12ರಂದು ನವಾರ್ ರಾಜ್ಯದ ವಿಯಾನಾ ಬಳಿ, ಹಿಂದೆಗೆಯುತ್ತಿದ್ದ ಶತ್ರುಗಳನ್ನು ಬೆನ್ನಟ್ಟಿ ಒಬ್ಬಂಟಿಯಾಗಿ ಸಿಕ್ಕಿಬಿದ್ದು ಸತ್ತ. 2010ರ ‘ಬ್ರದರ್‌ಹುಡ್’ ಆಟ ಊರನ್ನೂ ವರ್ಷವನ್ನೂ ಹಾಗೆಯೇ ಉಳಿಸಿಕೊಂಡು, ಕೋಟೆಗೋಡೆಯೊಂದನ್ನು ಮಾತ್ರ ಸೇರಿಸಿತು. ತನ್ನನ್ನು ಕೊಲ್ಲುವುದು ಮನುಷ್ಯಮಾತ್ರದವರಿಂದ ಆಗದು ಎಂದು ಚೆಸರೆ ಹೇಳಿದಾಗ, ನಾಯಕ ಎಟ್ಸಿಯೊ ಆ ಮಾತಿಗೆ ಪೂರ್ಣ ಗೌರವ ಕೊಟ್ಟು ಅವನನ್ನು ಗೋಡೆಯಾಚೆ ಕೈಬಿಡುತ್ತಾನೆ. ಉಳಿದದ್ದನ್ನು ಭೂಮಿಯ ಆಕರ್ಷಣೆ ನೋಡಿಕೊಂಡಿತು, ಅದೇನೂ ಮನುಷ್ಯನಲ್ಲವಲ್ಲ.

5. ಪ್ರಭೇದ ಪ್ರಕರಣ

ಸೂತ್ರ: ಖಳರು ಹಲವು ವಿಧ, ನಾಲಗೆಯೇ ಅಳತೆಗೋಲು.

ಭಾಷ್ಯ: ಮೇಲೆ ಹೇಳಿದ ಗಾರ್ನಿಯೆ ಮೊದಲಾದವರು ವಾಚಾಲರು. ಅವರ ಲಕ್ಷಣ ಆಗಲೇ ಬಂದಿದೆ.

ಎರಡನೆಯದು ಶಿಷ್ಟಾಚಾರ ಮರಣ. 2009ರ ಎರಡನೆಯ ಆಟದಲ್ಲಿ ಎಟ್ಸಿಯೊ, ಸಾನ್ ಜಿಮಿನ್ಯಾನೊ ಊರಿನಲ್ಲಿ ವಿಯೇರಿ ಪಾಟ್ಸಿಯನ್ನು ಕೊಂದು, ಹೆಣವನ್ನೇ ಅಲುಗಾಡಿಸಿ ಬೈಯುತ್ತಾನೆ. ದೊಡ್ಡಪ್ಪ ಮಾರಿಯೊ ಗದರಿಸುತ್ತಾನೆ: ಕೊಲ್ಲುವುದಕ್ಕೆ ಅಭ್ಯಂತರವಿಲ್ಲ, ಅಮರ್ಯಾದೆ ಕೂಡದು. ಅಂದಿನಿಂದ ಹುಡುಗ ತಾನು ಕೊಂದ ಖಳರ ಕಣ್ಣು ಮುಚ್ಚಿ ಲ್ಯಾಟಿನ್‌ನಲ್ಲಿ ಶಾಂತಿ ಕೋರುವುದನ್ನು ರೂಢಿಸಿಕೊಂಡ. ಮನೆಯಲ್ಲಿ ಹಿರಿಯರಿರಬೇಕು ಎನ್ನುವುದು ಇದಕ್ಕೇ.

ಮೂರನೆಯದು ಲಿಖಿತ ಮರಣ. ಫ್ರೆಂಚ್ ಕ್ರಾಂತಿಯ ಮಹಾ ವಾಗ್ಮಿ ರೋಬೆಸ್ಪಿಯರನ ದವಡೆಗೆ 1794ರ ಜುಲೈನಲ್ಲಿ ಗುಂಡು ತಗುಲಿತು. ತಾನೇ ಹೊಡೆದುಕೊಂಡನೋ ಸೈನಿಕ ಹೊಡೆದನೋ ಎಂದು ಇತಿಹಾಸಕಾರರು ಇಂದಿಗೂ ಜಗಳವಾಡುತ್ತಾರೆ. 2014ರ ‘ಯೂನಿಟಿ’ ಅವರಿಗೆ ರಜೆ ಕೊಟ್ಟಿತು: ಹೊಡೆದವಳು ಎಲೀಸ್ ಎಂಬ ಕಥಾಪಾತ್ರ. ಬಾಯಿ ಹೋದ ಮೇಲೆ ಕೈಗೆ ಲೇಖನಿ ಕೊಟ್ಟು, ಬೇಕಾದ ಮಾಹಿತಿಯನ್ನು ಬರೆಸಿಕೊಳ್ಳಲಾಗುತ್ತದೆ. ಮಾತಿನಿಂದ ಸಾವಿರಾರು ಜನರನ್ನು ಗಿಲೊಟಿನ್‌ಗೆ ಕಳುಹಿಸಿದವನಿಗೆ ಆಟ ಕೊಟ್ಟ ಶಿಕ್ಷೆ, ಕೊನೆಯ ಭಾಷಣ ರದ್ದು.

ನಾಲ್ಕನೆಯದು ಮೌನ ಮರಣ. 2012ರ ಮೂರನೆಯ ಆಟದಲ್ಲಿ ಚಾರ್ಲ್ಸ್ ಲೀ ಗಾಯಗೊಂಡು ಒಂದು ಹೆಂಡದ ಮನೆಯಲ್ಲಿ ಕುಳಿತಿದ್ದಾನೆ. ಬೆನ್ನಟ್ಟಿ ಬಂದ ನಾಯಕ ಕಾನರ್‌ಗೂ ಮೈಯೆಲ್ಲ ನೋವು. ಲೀ ಒಂದು ಗುಟುಕು ಕುಡಿದು ಸೀಸೆಯನ್ನು ಎದುರಿಗೆ ತಳ್ಳುತ್ತಾನೆ, ಕಾನರ್ ಕುಡಿಯುತ್ತಾನೆ, ಆಮೇಲೆ ಕತ್ತಿ. ಒಂದು ಮಾತಿಲ್ಲ. ನಿಜವಾದ ಲೀ 1782ರಲ್ಲಿ ಫಿಲಡೆಲ್ಫಿಯಾದಲ್ಲಿ ಜ್ವರದಿಂದ ಸತ್ತವನು. ಈ ದೃಶ್ಯವನ್ನು ಉತ್ತಮವೆನ್ನುವವರು ಬಹಳ. ಆದರೆ ಶಾಸ್ತ್ರಕಾರನಿಗೆ ಉಲ್ಲೇಖಿಸಲು ಒಂದು ವಾಕ್ಯವನ್ನೂ ಬಿಡದ ಮರಣವನ್ನು ನಾವು ಹೇಗೆ ಮೆಚ್ಚುವುದು?

ಐದನೆಯದು ವಾಯಿದೆ ಮರಣ. ರೊಡ್ರಿಗೊ ಬೋರ್ಜಿಯಾ ಅಂದರೆ ಪೋಪ್ ಆರನೆಯ ಅಲೆಕ್ಸಾಂಡರ್ ಸತ್ತದ್ದು 1503ರಲ್ಲಿ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಎಟ್ಸಿಯೊ ವ್ಯಾಟಿಕನ್ ತಲುಪಿದ್ದು 1499ರಲ್ಲಿ. ಏನು ಮಾಡುವುದು? ಪೋಪನ ಜೊತೆ ಬರಿಗೈಯಲ್ಲಿ ಗುದ್ದಾಡಿ, ಗೆದ್ದು, ಕ್ಷಮಿಸಿ ಬಿಟ್ಟು ಬರುತ್ತಾನೆ. ನೋಡುವವರಿಗೆ ಇದು ಉದಾರತೆ. ಪಂಚಾಂಗ ಬಲ್ಲವರಿಗೆ ಕಾರಣ ಗೊತ್ತು.

ಆರನೆಯ ವರ್ಗವೊಂದಿದೆ, ಅದರ ಮೇಲೆ ಭಾಷ್ಯ ಬರೆಯಲು ಸಾಮಗ್ರಿಯೇ ಇಲ್ಲ. ಖಳನವರೆಗಿನ ದಾರಿಯಲ್ಲಿ ಗುಂಪುಗುಂಪಾಗಿ ಸಾಯುವ ಕಾವಲುಗಾರರು. ಇವರಿಗೆ ಬಿಳಿ ಕೋಣೆಯ ಪ್ರವೇಶವಿಲ್ಲ, ಆಲಿಂಗನವಿಲ್ಲ, ಗರಿ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಹೆಣವೂ ಇಲ್ಲ. ಊರು ಕೊಳ್ಳೆಹೊಡೆದವನಿಗೆ ಕೊನೆಯ ಮಾತಿನ ಹಕ್ಕಿದೆ, ಅವನ ಬಾಗಿಲು ಕಾದವನಿಗಿಲ್ಲ.

6. ಪೂರ್ವಪಕ್ಷ ಮತ್ತು ಸಿದ್ಧಾಂತ

ಸೂತ್ರ: ಬಾಯಿಗೆ ಬಟನ್ ಇಲ್ಲದವನಿಗೆ ಕತ್ತಿಯೇ ಬಾಯಿ.

ಭಾಷ್ಯ: ಪೂರ್ವಪಕ್ಷದವರಲ್ಲಿ ಸ್ಕಿಪ್‌ವಾದಿಗಳು ಪ್ರಬಲರು. ಭಾಷಣ ಆಟಕ್ಕೆ ಅಡ್ಡಿ, ಒತ್ತಿ ಮುಂದೆ ಹೋಗಬೇಕು ಎಂಬುದು ಇವರ ಮತ. ಮೊದಲ ಆಟದಲ್ಲಿ ಆ ಸೌಲಭ್ಯವೇ ಇರಲಿಲ್ಲ ಎಂಬುದು ಇವರ ಮಾಸದ ಗಾಯ. ಉತ್ತರ ಹೀಗಿದೆ: ಆ ಭಾಷಣಗಳನ್ನು ಬಿಟ್ಟರೆ ಕಥೆಯೇ ಉಳಿಯುವುದಿಲ್ಲ. ಒಂಬತ್ತು ಜನ ಸಾಯುತ್ತ ಸಾಯುತ್ತ ಚೂರುಚೂರಾಗಿ ಹೇಳಿದ್ದನ್ನು ಜೋಡಿಸಿದಾಗಲೇ, ಪಟ್ಟಿ ಕೊಟ್ಟ ಗುರುವೇ ಹತ್ತನೆಯವನು ಎಂದು ಅಲ್ತಾಯಿರ್‌ಗೆ ಹೊಳೆಯುವುದು. ಸತ್ಯ ಹೇಳಿದವರೆಲ್ಲ ಖಳರು, ಸುಳ್ಳು ಹೇಳಿದವನು ಗುರು.

ಹಾಗಾದರೆ ಇಷ್ಟು ಉಪಯುಕ್ತ ಮಾತನ್ನು ಇರಿಯುವ ಮೊದಲೇ ಏಕೆ ಕೇಳಲಿಲ್ಲ? ಇಲ್ಲಿ ಶಾಸ್ತ್ರದ ರಹಸ್ಯವಿದೆ. ಮೊದಲ ಆಟದ ಕಂಟ್ರೋಲರ್‌ನ ನಾಲ್ಕು ಬಟನ್‌ಗಳು ನಾಯಕನ ದೇಹಕ್ಕೆ ಹಂಚಿಹೋಗಿವೆ: ಒಂದು ತಲೆಗೆ, ಒಂದು ಆಯುಧ ಹಿಡಿದ ಕೈಗೆ, ಒಂದು ಬರಿಗೈಗೆ, ಒಂದು ಕಾಲಿಗೆ. ತಲೆಯ ಬಟನ್ ಒತ್ತಿದರೂ ನಾಯಕ ದಿಟ್ಟಿಸಿ ನೋಡುತ್ತಾನೆಯೇ ಹೊರತು ಮಾತನಾಡುವುದಿಲ್ಲ. ಬಾಯಿಗೆ ಬಟನ್ ಇಲ್ಲ. ಗುರಿಯ ಬಗ್ಗೆ ಮಾಹಿತಿ ಬೇಕೆಂದರೆ ಕದ್ದು ಕೇಳಬಹುದು, ಜೇಬು ಕತ್ತರಿಸಬಹುದು, ಇಲ್ಲವೇ ಯಾರನ್ನಾದರೂ ಓಣಿಗೆ ಕರೆದೊಯ್ದು ಗುದ್ದಿ ಬಾಯಿ ಬಿಡಿಸಬಹುದು. ಹಾಗೆ ಬಾಯಿ ಬಿಟ್ಟವನನ್ನೂ ಕೊಂದೇ ಕಳುಹಿಸಬೇಕು. ಕೇಳುವುದೊಂದು ಬಿಟ್ಟು ತಿಳಿಯುವ ಮಿಕ್ಕ ದಾರಿಗಳೆಲ್ಲ ತೆರೆದಿವೆ. ಆದ್ದರಿಂದ ಸಿದ್ಧಾಂತ: ಈ ನಾಯಕ ಕೊಲ್ಲಲು ಹೋಗುವವನಲ್ಲ, ಭೇಟಿಗೆ ಹೋಗುವವನು. ಸಮಯ ಕೊಡದ ದೊಡ್ಡವರಿಂದ ಸಮಯ ಪಡೆಯಲು ಅವನಿಗೆ ಗೊತ್ತಿರುವ ಒಂದೇ ಕ್ರಮ ಅದು.

ಅನ್ವಯ-ವ್ಯತಿರೇಕದಿಂದ ಇದನ್ನು ಪರೀಕ್ಷಿಸೋಣ. ಪ್ರಾಚೀನ ಗ್ರೀಸಿನಲ್ಲಿ ನಡೆಯುವ 2018ರ ‘ಒಡಿಸ್ಸಿ’ಯಲ್ಲಿ, ಎದುರಿಗಿರುವವರಿಗೆ ಏನು ಹೇಳಬೇಕೆಂದು ಆಟಗಾರನೇ ಆರಿಸುವ ಪದ್ಧತಿ ಬಂತು. ಬಾಯಿ ಬಂದೊಡನೆ ಬಿಳಿ ಕೋಣೆಯ ಪದ್ಧತಿ ಬಿದ್ದುಹೋಯಿತು. ಸತ್ತದ್ದು ಹೌದೆಂದು ಖಚಿತಪಡಿಸುವ ಬಟನ್ ಒಂದು ಉಳಿಯಿತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? 2020ರ ‘ವಲ್ಹಾಲಾ’ ಮಾತನ್ನೂ ಇಟ್ಟುಕೊಂಡು, ಮರಣೋತ್ತರ ಸಂಭಾಷಣೆಯನ್ನೂ ವಾಪಸು ತಂದಿತು ಎಂದು ಪ್ರತಿವಾದಿಗಳು ಆಕ್ಷೇಪಿಸಬಹುದು. ಯಾವ ಸಿದ್ಧಾಂತಕ್ಕೂ ಒಂದು ವಿರುದ್ಧ ಉದಾಹರಣೆ ಇರಬೇಕು. ಇಲ್ಲದಿದ್ದರೆ ಮುಂದಿನ ಸಂಶೋಧಕರು ಏನು ಮಾಡಿಕೊಂಡಿರುವುದು?

7. ಫಲಶ್ರುತಿ

ಈ ಮೀಮಾಂಸೆಯನ್ನು ಓದಿದ ಖಳನಿಗೆ, ಸ್ಕಿಪ್ ಒತ್ತದ ಆಟಗಾರ ಪ್ರಾಪ್ತನಾಗುವನು. ಓದಿದ ನಾಯಕನಿಗೆ ಹುಲ್ಲಿನ ಗಾಡಿ ಕೂಗಳತೆಯಲ್ಲೇ ಸಿಗುವುದು. ಓದಿದ ಇತಿಹಾಸಕಾರನ ರಕ್ತದೊತ್ತಡ ಕಡಿಮೆಯಾಗುವುದು. ಓದಿದ ಆಟ ತಯಾರಕರಿಗೆ ಕಾವಲುಗಾರರ ಸಂಭಾಷಣೆ ಬರೆಯುವ ಬುದ್ಧಿ ಬರುವುದು. ಅದು ಬಂದ ದಿನ, ಒಬ್ಬ ಖಳನ ಬಾಗಿಲು ತಲುಪುವಷ್ಟರಲ್ಲಿ ಇಪ್ಪತ್ತು ಜನರ ಮನೆ, ಮಕ್ಕಳು, ಬಾಕಿ ಸಂಬಳದ ವಿಚಾರ ಬಿಳಿ ಕೋಣೆಯಲ್ಲಿ ಕೂತು ಕೇಳಬೇಕಾಗುವುದರಿಂದ, ನಾಯಕನಿಗೆ ಖಳನನ್ನು ಕೊಲ್ಲಲು ಹೊತ್ತೇ ಇರುವುದಿಲ್ಲ.